ಕರೆಂಟ್ ದರ ನೋಡುವ ಆಯೋಗಕ್ಕೆ ಲಿಮೋ, ಊಬರ್ ಯಾಕೆ?

ಕ್ಯಾಲಿಫೋರ್ನಿಯಾದಲ್ಲಿ ಕರೆಂಟು, ಗ್ಯಾಸು, ನೀರಿನ ದರ ನೋಡಿಕೊಳ್ಳುವ ಆಯೋಗವೇ ಲಿಮೋ (ಚಾಲಕನ ಸಮೇತ ಬಾಡಿಗೆಗೆ ಸಿಗುವ ಐಷಾರಾಮಿ ಕಾರು), ಊಬರ್‌ಗೂ ಪರ್ಮಿಟ್ ಕೊಡೋದು ಯಾಕೆ, ಇದನ್ನು ಸರಳ ಮಾಡೋಕಾಗಲ್ವಾ ಅನ್ನೋದು ಪ್ರಶ್ನೆ. ಕಾರಣ ರೈಲು!

1879ರಲ್ಲಿ ಆ ರಾಜ್ಯದ ಸಂವಿಧಾನವೇ ರೈಲ್ವೆ ಕಂಪನಿಗಳನ್ನು ಹಿಡಿತದಲ್ಲಿಡೋಕೆ ಒಂದು ಕಮಿಷನ್ ಮಾಡಿತು. 1911-12ರ ಹೊತ್ತಿಗೆ ವಿದ್ಯುತ್, ಫೋನು, ನೀರು ಕೂಡ ಅದರ ಕೈಗೆ ಬಂದವು. 1946ರಲ್ಲಿ ಹೆಸರು ಬದಲಾಗಿ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಆಯಿತು. ಬಸ್ಸು, ಲಿಮೋ ಒಂದೊಂದಾಗಿ ಸೇರಿಕೊಂಡವು, 2013ರಲ್ಲಿ ಆ್ಯಪ್ ಕಾರುಗಳೂ. ಟ್ಯಾಕ್ಸಿ ಮಾತ್ರ ನಗರ, ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಕೈಯಲ್ಲೇ ಉಳಿಯಿತು, ಅಂದರೆ ಒಂದೇ ರಸ್ತೆಯಲ್ಲಿ ಒಂದೇ ಕೆಲಸ ಮಾಡುವ ಎರಡು ಕಾರುಗಳಿಗೆ ಇಬ್ಬರು ಬೇರೆ ಬೇರೆ ಯಜಮಾನರು.

ವಿದ್ಯುತ್ ಕಂಪನಿಗೆ ಎದುರಾಳಿ ಇರಲ್ಲ, ಹಾಗಾಗಿ ದರಕ್ಕೆ ಕಡಿವಾಣ ಬೇಕು. ಲಿಮೋ ಹಾಗಲ್ಲ, ಒಬ್ಬರು ಜಾಸ್ತಿ ಕೇಳಿದರೆ ಇನ್ನೊಬ್ಬರನ್ನು ಕರೆದರಾಯಿತು. ಆದರೂ ನಿಗದಿತ ಮಾರ್ಗದಲ್ಲಿ ವ್ಯಾನ್ ಓಡಿಸೋಕೆ "ಸಾರ್ವಜನಿಕ ಅಗತ್ಯ"ದ, ಅಂದರೆ ಜನರಿಗೆ ಈ ಸೇವೆ ಬೇಕು ಅನ್ನೋ, ಸರ್ಟಿಫಿಕೇಟ್ ಕೇಳುವ ರೈಲು ಕಾಲದ ಯೋಚನೆ ಕಾನೂನಿನಲ್ಲಿ ಉಳಿದುಕೊಂಡಿದೆ. ನನ್ನ ಪ್ರಕಾರ ಮೊದಲು ತೆಗೆಯಬೇಕಾದ್ದು ಇಂಥದ್ದನ್ನೇ. ವಿಮೆ, ಚಾಲಕರ ಹಿನ್ನೆಲೆ ಪರೀಕ್ಷೆ, ವಾಹನ ತಪಾಸಣೆ ಮಾತ್ರ ಮುಟ್ಟಬಾರದು.

ಬೇರೆ ಇಲಾಖೆಗೆ ಕೊಡೋದೂ ಸಾಧ್ಯ. ಮನೆ ಸಾಮಾನು ಸಾಗಿಸುವವರ ಲೈಸೆನ್ಸ್ ಕೆಲಸ 2018ರಲ್ಲಿ ಈ ಕಮಿಷನ್‌ನಿಂದ ಗ್ರಾಹಕ ವ್ಯವಹಾರಗಳ ಇಲಾಖೆಗೆ ಹೋಯಿತು.