ಟ್ರೆಡ್‌ಮಿಲ್ ಮೇಲೆ ಅಳು ಬರುತ್ತದೆ, ಯಾಕೆ?

ಪ್ರಶ್ನೆ: ನನಗೆ 34 ವರ್ಷ, ತೂಕ 102 ಕೆಜಿ. ಜಿಮ್ ಸೇರಿ ಮೂರು ವಾರವಾಯಿತು. ಟ್ರೈನರ್ ಹೇಳಿದ ಸ್ಪೀಡ್‌ಗೆ ಟ್ರೆಡ್‌ಮಿಲ್ ಮೇಲೆ ನಡೆದರೆ ಐದೇ ನಿಮಿಷಕ್ಕೆ ಏದುಸಿರು, ಅಳುವೇ ಬರುತ್ತದೆ. ವ್ಯಾಯಾಮ ಮಾಡಿದರೆ ಮನಸ್ಸು ಹಗುರಾಗುತ್ತೆ ಅಂತಾರಲ್ಲ, ನನಗ್ಯಾಕೆ ಹೀಗೆ? ನಾನು ಸೋಮಾರಿಯಾ?

ಉತ್ತರ: ಖಂಡಿತ ಅಲ್ಲ. ಸೋಮಾರಿಗಳು ಅಳು ನುಂಗಿಕೊಂಡು ಮೂರು ವಾರ ಜಿಮ್‌ಗೆ ಹೋಗುವುದಿಲ್ಲ.

ಪಕ್ಕದ ಮಶಿನ್ ಮೇಲೆ 60 ಕೆಜಿಯವರೊಬ್ಬರು ಹರಟುತ್ತಾ ನಡೆಯುತ್ತಿದ್ದಾರೆ ಅಂದುಕೊಳ್ಳಿ. ಅದೇ ಸ್ಪೀಡ್‌ನಲ್ಲಿ ನೀವು ಹೆಜ್ಜೆ ಹೆಜ್ಜೆಗೂ 42 ಕೆಜಿ ಜಾಸ್ತಿ ಹೊರುತ್ತಿದ್ದೀರಿ. ಅವರಿಗೆ ಅದು ನಡಿಗೆ, ನಿಮ್ಮ ಹೃದಯಕ್ಕೆ ಓಟ.

ಪ್ರತಿ ದೇಹಕ್ಕೂ ಒಂದು ಗಡಿ ಇರುತ್ತದೆ. ಅದನ್ನು ದಾಟಿದರೆ ಸ್ನಾಯುಗಳು ದುಡಿಯುವಾಗ ಹುಟ್ಟುವ ಲ್ಯಾಕ್ಟೇಟ್ ಅನ್ನೋ ವಸ್ತು ಖರ್ಚಾಗುವುದಕ್ಕಿಂತ ಬೇಗ ರಕ್ತದಲ್ಲಿ ತುಂಬಿಕೊಳ್ಳುತ್ತದೆ, ಉಸಿರು ಒಮ್ಮೆಲೇ ಏರುತ್ತದೆ, ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನುಗಳು ಜಾಸ್ತಿಯಾಗುತ್ತವೆ, ಆಗ ತೆಳ್ಳಗಿರುವವರಿಗೂ ಹಿಂಸೆಯೇ. ತೂಕ ಜಾಸ್ತಿ ಇದ್ದರೆ ಆ ಗಡಿ ಬೇಗ ಬರುತ್ತದೆ, ಅಷ್ಟೇ.

2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಹಿಳೆಯರನ್ನು ಮೊದಲು ತಮಗೆ ಬೇಕಾದ ಸ್ಪೀಡ್‌ನಲ್ಲಿ ನಡೆಸಿದರು, ಇನ್ನೊಂದು ದಿನ ಅದಕ್ಕಿಂತ ಬರೀ 10% ಜಾಸ್ತಿ ಇಟ್ಟರು. ತೂಕ ಹೆಚ್ಚಿದ್ದವರಿಗೆ ಅಷ್ಟಕ್ಕೇ ಖುಷಿ ಇಳಿಯಿತು, ಉಳಿದವರಿಗೆ ಇಳಿಯಲಿಲ್ಲ. ನಿಮ್ಮ ಟ್ರೈನರ್ ಒತ್ತುವ ಆ ಒಂದು ಬಟನ್ ಎಷ್ಟು ದುಬಾರಿ ನೋಡಿ.

ವ್ಯಾಯಾಮ ಮಾಡಿದಾಗ ಮನಸ್ಸು ಹಗುರಾಗಿಸುತ್ತದೆ ಅನ್ನುವ ಎಂಡಾರ್ಫಿನ್ ಅನ್ನೋ ವಸ್ತುವಿನ ಬಗ್ಗೆ ಕೇಳಿರುತ್ತೀರಿ. ಜೋರಾಗಿ ದಣಿದಾಗ ಅದು ರಕ್ತದಲ್ಲಿ ಏರುವುದು ನಿಜ, ಆದರೆ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ. ದಾಟುವುದು ಆನಂದಮೈಡ್ ಅನ್ನೋ ಇನ್ನೊಂದು ವಸ್ತು. 1992ರಲ್ಲಿ ಕಂಡುಹಿಡಿದವರು ನಮ್ಮ ‘ಆನಂದ’ ಪದದಿಂದಲೇ ಆ ಹೆಸರಿಟ್ಟರು! ಅದು ಏರುವುದಕ್ಕೆ ಸುಸ್ತಾಗಿ ಬೀಳಬೇಕಿಲ್ಲ, ಹದವಾದ ವೇಗವೇ ಸಾಕು.

ಹಾಗಾಗಿ ನಾಳೆ ಸ್ಪೀಡ್ ನೀವೇ ಇಟ್ಟುಕೊಳ್ಳಿ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು, ಹಾಡಲು ಮಾತ್ರ ಆಗಬಾರದು. ಅದೇ ನಿಮ್ಮ ಹದ. ಹತ್ತು ನಿಮಿಷ ಸಾಕು ಅನ್ನಿಸಿದರೆ ಇಳಿದುಬಿಡಿ, ಸಂಜೆ ಇನ್ನೊಂದು ಹತ್ತು ನಿಮಿಷ ನಡೆಯಿರಿ. ವಾರಕ್ಕೆ 150 ನಿಮಿಷ ಅನ್ನುವ ಗುರಿ ನಿಧಾನಕ್ಕೆ ತಲುಪಿದರಾಯಿತು. ತೂಕ ಇಳಿಯುವ ಮುಂಚೆಯೇ ಸ್ನಾಯುಗಳು ಸಕ್ಕರೆ ಎಳೆದುಕೊಳ್ಳುವುದು ಸುಧಾರಿಸುತ್ತದೆ, ಇದನ್ನು ತಕ್ಕಡಿ ತೋರಿಸುವುದಿಲ್ಲ.

ಏದುಸಿರಿನ ಜೊತೆ ಎದೆನೋವು ಅಥವಾ ತಲೆಸುತ್ತು ಇದ್ದರೆ ಮಾತ್ರ ಜಿಮ್ ನಿಲ್ಲಿಸಿ, ಮೊದಲು ಡಾಕ್ಟರಿಗೆ ತೋರಿಸಿ.