ಅಣ್ಣನ ಹೆಸರೂ ಅದರಲ್ಲಿರಲಿ

ಕಟಪಾಡಿಯ ಓದುಗರಿಗೆ,

ಎಪ್ಪತ್ತೆಂಟರ ಅಮ್ಮ "ಕೊನೆಗಾಲಕ್ಕೆ ನನಗೆ ಪೈಪು-ಗೀಪು ಹಾಕಿಸಬೇಡಿ" ಎಂದರೆ, ಮುಂಬಯಿಯ ಅಣ್ಣ "ಬಿಡ್ತು ಅನ್ನು" ಎಂದು ಗದರಿ ಫೋನಿಟ್ಟರು. ಇಂಥ ಮಾತು ಎತ್ತುವುದೇ ಅಪಶಕುನವೇ, ಬರೆದಿಟ್ಟರೆ ಅದಕ್ಕೆ ಬೆಲೆ ಉಂಟೇ ಎಂದು ಕೇಳಿದ್ದೀರಿ.

ಅಪಶಕುನವಲ್ಲ. ಬೆಲೆ ಖಂಡಿತ ಉಂಟು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಇಂಥ ಮುಂಗಡ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. ಆಗ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಕೈಬಿಟ್ಟು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು ಎಂದಿತು. 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಆದೇಶ ಹೊರಡಿಸಿದೆ. ಕೊನೆಗಾಲದ ಚಿಕಿತ್ಸೆಯ ಪ್ರಶ್ನೆ ದೇಶದ ಗಮನ ಸೆಳೆದದ್ದರ ಹಿಂದೆ ನಮ್ಮ ಕರಾವಳಿಯದೇ ಹೆಣ್ಣುಮಗಳ ಸಂಕಟವೂ ಇದೆ. ಹಳದೀಪುರದ ನರ್ಸ್ ಅರುಣಾ ಶಾನಭಾಗ ಹಲ್ಲೆಗೊಳಗಾಗಿ, 1973ರಿಂದ 2015ರವರೆಗೆ ಮುಂಬಯಿಯ ಆಸ್ಪತ್ರೆಯಲ್ಲಿ ಅರಿವಿಲ್ಲದೆ ಮಲಗಿದ್ದರು. ಆಕೆಗೇನು ಬೇಕೆಂದು ಆಕೆಯನ್ನೇ ಕೇಳುವಂತಿರಲಿಲ್ಲ. ನಿಮ್ಮ ಅಮ್ಮನನ್ನು ಈಗಲೂ ಕೇಳಬಹುದು.

ಆದರೆ ನಿಮ್ಮ ಮನೆಯ ತೊಡಕು ಕಾಗದದ್ದಲ್ಲ, ಅಣ್ಣನದು. ದೂರದಲ್ಲಿರುವ ಮಕ್ಕಳು ವಿಮಾನ ಇಳಿದು ನೇರ ಐಸಿಯು ಬಾಗಿಲಿಗೆ ಬಂದು "ಎಷ್ಟು ಖರ್ಚಾದರೂ ಆಗಲಿ, ವೆಂಟಿಲೇಟರ್ ಹಾಕಿ" ಎನ್ನುತ್ತಾರೆ. ಅದು ಹಟವಲ್ಲ, ಹತ್ತಿರವಿದ್ದು ನೋಡಿಕೊಳ್ಳಲಾಗದ ನೋವು. ಅದಕ್ಕೇ ಹೇಳುತ್ತೇನೆ, ಅಮ್ಮ ಮಾತಾಡಲಾರದಾಗ ಅವರ ಪರವಾಗಿ ನಿರ್ಧರಿಸುವವರಾಗಿ ನಿಮ್ಮ ಹೆಸರಿನ ಜೊತೆ ಅಣ್ಣನ ಹೆಸರನ್ನೂ ಬರೆಸಿ. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಸೂಚಿಸಲು ಅವಕಾಶವಿದೆ.

ಚೌತಿಗೆ ಅವರು ಊರಿಗೆ ಬಂದಾಗ, ಊಟವಾದ ಮೇಲೆ ಚಾವಡಿಯಲ್ಲಿ ಕೂತು ಅಮ್ಮನೇ ಹೇಳಲಿ, ನೀವು ನಡುವೆ ಬಾಯಿ ಹಾಕಬೇಡಿ. ಬೇಕಿದ್ದರೆ ಒಂದೆರಡು ಪ್ರಶ್ನೆ ಕೇಳಿ: ನುಂಗಲಾಗದಿದ್ದರೆ ಮೂಗಿನ ನಳಿಗೆಯಲ್ಲಿ ಗಂಜಿ ಕೊಡುವುದೋ ಬೇಡವೋ? ಕೊನೆಯ ದಿನಗಳು ಮನೆಯಲ್ಲೋ, ಆಸ್ಪತ್ರೆಯಲ್ಲೋ?

ಅಣ್ಣನ ಭಯ ಇನ್ನೊಂದಿರಬಹುದು: ಸಹಿ ಹಾಕಿದರೆ ಡಾಕ್ಟರು ಕೈಬಿಡುತ್ತಾರೆಂದು. ಹಾಗಲ್ಲ. ನ್ಯುಮೋನಿಯಾಕ್ಕೆ ಔಷಧಿ ಸಿಗುತ್ತದೆ, ಮೂಳೆ ಮುರಿದರೆ ಆಪರೇಷನ್ ಆಗುತ್ತದೆ. ಗುಣವಾಗುವ ಆಸೆಯೇ ಇಲ್ಲದೆ, ಅಮ್ಮನಿಗೆ ತಾನೇ ನಿರ್ಧರಿಸುವ ಶಕ್ತಿಯೂ ಹೋದಾಗ ಮಾತ್ರ ಈ ಪತ್ರಕ್ಕೆ ಕೆಲಸ. ಆಗಲೂ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ನೋವು ತಗ್ಗಿಸುವ ಆರೈಕೆ ನಿಲ್ಲುವುದೇ ಇಲ್ಲ. ಮಣಿಪಾಲದಲ್ಲಿ ಅದಕ್ಕೆಂದೇ ಉಪಶಾಮಕ ಚಿಕಿತ್ಸಾ ವಿಭಾಗವಿದೆ, ಇಬ್ಬರೂ ಹೋಗಿ ಮಾತಾಡಿ ಬನ್ನಿ.

ಪತ್ರದ ಒಂದು ಪ್ರತಿ ಮನೆಯ ಡಾಕ್ಟರ ಬಳಿ ಇರಲಿ. ಅಮ್ಮನ ಮನಸ್ಸು ಬದಲಾದರೆ ಅದನ್ನು ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು. ಅಣ್ಣನಿಗೆ ಮೊದಲು ಹೇಳಬೇಕಾದ ಮಾತು ಇದೇ.

– ಸಂ.