ಮಸಿ ಬಳಿಯುವುದಾ, ಬೇಡವಾ?

ಪ್ರಶ್ನೆ: ನಮ್ಮ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಮಕ್ಕಳನ್ನು ಜೈಲಿಗೆ ಹಾಕುವ ಬಗ್ಗೆ ಒಂದು ಕಾಮಿಡಿ ಸ್ಕಿಟ್ ಮಾಡುವ ಅಂತ ಉಂಟು. ಹುಡುಗನ ಪಾರ್ಟು ಮಾಡುವವನಿಗೆ ಮಸಿ ಬಳಿದ್ರೆ ಜನ ಬಿದ್ದು ಬಿದ್ದು ನಗ್ತಾರೆ ಅಂತ ಒಬ್ಬನ ಹಠ. ನನಗೆ ಯಾಕೋ ಸರಿ ಕಾಣ್ತಿಲ್ಲ. ಇಂಥಾ ವಿಷ್ಯದಲ್ಲಿ ನಗಿಸುದೇ ತಪ್ಪಾ?
(ಓದುಗ, ಬದಿಯಡ್ಕ)

ಉತ್ತರ: ನಗಿಸಿ ಮಾರಾಯ್ರೆ, ಮಸಿ ಮಾತ್ರ ಬೇಡ. ಅಷ್ಟಮಿಗೆ ಮೈಗೆಲ್ಲ ಮಸಿ ಬಳ್ಕೊಂಡು ಇಲ್ಲಿಯ ಮೂಲನಿವಾಸಿ ಕೊರಗರ ವೇಷ ಹಾಕಿ ಕುಣಿದದ್ದಕ್ಕೆ ನಮ್ಮ ತುಳುನಾಡು ಎಷ್ಟು ನಕ್ಕಿದೆ, ಅದರಲ್ಲಿ ಕೊರಗರಿಗೆ ಸಿಕ್ಕಿದ್ದೆಂತ?

ಅಲ್ಲಿಯ ಕತೆ ಕೇಳಿ. 2016ರ ಜುಲೈ 25ಕ್ಕೆ ಎಬಿಸಿ ಟಿವಿಯ ತನಿಖಾ ಕಾರ್ಯಕ್ರಮ ಫೋರ್ ಕಾರ್ನರ್ಸ್‌ನಲ್ಲಿ ನಾರ್ದರ್ನ್ ಟೆರಿಟರಿ ಅನ್ನುವ ಪ್ರಾಂತ್ಯದ ವಿಡಿಯೋಗಳು ಬಂದವು, ಡಾರ್ವಿನ್ನಿನ ಡಾನ್ ಡೇಲ್ ಅನ್ನುವ ಮಕ್ಕಳ ಜೈಲಿನಲ್ಲಿ ಹುಡುಗರ ಮೇಲೆ ಟಿಯರ್ ಗ್ಯಾಸ್ ಬಿಟ್ಟದ್ದು, ಆಲಿಸ್ ಸ್ಪ್ರಿಂಗ್ಸ್ ಊರಿನಲ್ಲಿ 17ರ ಒಬ್ಬನನ್ನು ಕುರ್ಚಿಗೆ ಕಟ್ಟಿ ತಲೆಗೆ ಮುಸುಕು ಹಾಕಿ ಕೂರಿಸಿದ್ದು. ಮರುದಿನವೇ ಪ್ರಧಾನಿ ಟರ್ನ್‌ಬುಲ್ ರಾಯಲ್ ಕಮಿಷನ್, ಅಂದ್ರೆ ತನಿಖಾ ಆಯೋಗ, ಮಾಡ್ತೇವೆ ಅಂದ್ರು. ಹತ್ತೇ ದಿನ ಕಳೆದು, ಆಗಸ್ಟ್ 4ಕ್ಕೆ, ದಿ ಆಸ್ಟ್ರೇಲಿಯನ್ ಪತ್ರಿಕೆಯಲ್ಲಿ ಬಿಲ್ ಲೀಕ್ ಅವರ ಕಾರ್ಟೂನ್: ಪೊಲೀಸ್ ಒಬ್ಬ ಮೂಲನಿವಾಸಿ ಹುಡುಗನ ಕುತ್ತಿಗೆಪಟ್ಟಿ ಹಿಡ್ಕೊಂಡು ಬಂದಿದ್ದಾನೆ, ಬಿಯರ್ ಕ್ಯಾನ್ ಹಿಡಿದ ಅಪ್ಪನಿಗೆ ಮಗನ ಹೆಸ್ರೇ ಗೊತ್ತಿಲ್ಲ. ಕಟ್ಟಿಹಾಕಿದವರು ಹಾಯಾಗಿ ಉಳಿದ್ರು, ಏಟು ಬಿದ್ದದ್ದು ಅಪ್ಪಂದಿರಿಗೆ! ಅವರು ಮಕ್ಕಳನ್ನು ಎತ್ಕೊಂಡ ಫೋಟೋ ಹಾಕಿ ಹಾಕಿ ಉತ್ರ ಕೊಟ್ರು. ನನ್ನ ಕೇಳಿದ್ರೆ ಕಾರ್ಟೂನಿಗಿಂತ ಆ ಫೋಟೋಗಳಲ್ಲೇ ಹೆಚ್ಚು ವಿಡಂಬನೆ ಇತ್ತು.

ಪೂರ್ತಿ ಉಲ್ಟಾ ತಿರುಗಿಸಿದ್ದೂ ಉಂಟು. 1986ರಲ್ಲಿ ಅಲ್ಲಿ 'ಬಾಬಾಕ್ಯೂಏರಿಯಾ' ಅಂತ ಅರ್ಧ ಗಂಟೆಯ ಟಿವಿ ಸಿನಿಮಾ ಬಂತು. ಮೂಲನಿವಾಸಿಗಳು ದೋಣಿಯಿಂದ ಇಳಿದು, ಮಾಂಸ ಸುಡ್ತಾ ಇದ್ದ ಬಿಳಿಯರ ಹತ್ರ ಈ ಜಾಗಕ್ಕೆ ಹೆಸ್ರೆಂತ ಅಂತ ಕೇಳ್ತಾರೆ, ಬಾರ್ಬೆಕ್ಯೂ ಏರಿಯಾ ಅಂದ್ರಲ್ಲ, ಅದೇ ದೇಶದ ಹೆಸ್ರಾಯ್ತು! ಆಮೇಲೆ ಆಳುವವರು ಬಂದವರು, ಬಿಳಿಯರದ್ದು 'ಸಮಸ್ಯೆ'.

ನಗುವಿನಿಂದ ಕಾನೂನು ಬದಲಾಗ್ತದೆ ಅಂತ ಮಾತ್ರ ಅಂದ್ಕೊಳ್ಬೇಡಿ. ಅದೇ ಟೆರಿಟರಿಯಲ್ಲಿ 2023ಕ್ಕೆ ಕೇಸು ಹಾಕುವ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ್ರು, 2024ರಲ್ಲಿ ಹೊಸ ಸರ್ಕಾರ ಬಂತು, ಪುನಃ 10. (ನಾವೂ ದೊಡ್ಡ ಮಾತಾಡುವ ಹಾಗಿಲ್ಲ, ನಮ್ಮ ನ್ಯಾಯ ಸಂಹಿತೆಯಲ್ಲಿ ಆ ವಯಸ್ಸು 7.)

ಇಷ್ಟಕ್ಕೂ ನಿಮ್ಮ ಕಡೆಯೇ ಪೊಟ್ಟನ್ ತೆಯ್ಯ ಉಂಟಲ್ಲ. ಕೆಳಜಾತಿಯವ ಅಂತ ದಾರಿ ಬಿಡು ಅಂದ ಶಂಕರಾಚಾರ್ಯರನ್ನೇ, ನಿಮ್ಮನ್ನು ಕಡಿದ್ರೂ ನಮ್ಮನ್ನು ಕಡಿದ್ರೂ ಬರುದು ಒಂದೇ ರಕ್ತ ಅಲ್ವಾ ಅಂತ ಕೇಳುವ ದೈವ, ಕೆಂಡದ ರಾಶಿ ಮೇಲೆ ಬಿದ್ಕೊಂಡು ಎಂತಾ ಚಳಿ ಅಂತದೆ. ಆ ಐಡಿಯಾ ತೆಗೊಳ್ಳಿ. ಕುರ್ಚಿಗೆ ಹುಡುಗನನ್ನು ಕಟ್ಬೇಡಿ, ಮಂತ್ರಿಯನ್ನು ಕಟ್ಟಿ, ಮುಸುಕಿನ ಒಳಗಿಂದ ಅವನೇ ಹೇಳ್ಲಿ: ಎಂತಾ ಸುಖ ಮಾರಾಯ್ರೆ, ಇದೆಲ್ಲ ನನ್ನ ಸೇಫ್ಟಿಗೇ!